ಸಾವಿನ ಮನೆಯ ಸರದಿ

ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಬರೆಯುವಾಗ ಸಾಲು ಕೆಳಗಿಳಿದುಬಿಡುತ್ತದೆ. ದೊಡ್ಡ ಪದಗಳೂ ನನಗೆ ಬರುವುದಿಲ್ಲ. ಓದುವವರು ದಯವಿಟ್ಟು ಕ್ಷಮಿಸಬೇಕು. ನಮ್ಮ ಹೋಬಳಿಯ ಗ್ರಂಥಾಲಯದ ಮೇಡಂ, ನಿಮ್ಮ ಕಡೆಯ ಒಬ್ಬರ ಬದುಕನ್ನು ಬರೆದುಕೊಡು, ಹೆಸರು ಮಾಡಿದವರದ್ದು ಬೇಡ ಎಂದು ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪು ಹೋಗಬಾರದೆಂದು ಪ್ರತಿ ಪುಟವನ್ನೂ ಮೊದಲು ರಫ್ ಬರೆದು, ಆಮೇಲೆ ನೋಡಿಕೊಂಡು ಬರೆದಿದ್ದೇನೆ.

ನಾನು ಬರೆಯುತ್ತಿರುವುದು ಮೀನಾಕ್ಷಿ ಅಕ್ಕನ ಬಗ್ಗೆ. ನಮ್ಮಿಬ್ಬರದೂ ಕಣಕಟ್ಟೆಯಿಂದ ಒಳಗಿರುವ ಒಂದೇ ಊರು, ಕೇರಿ ಬೇರೆ. ಅಕ್ಕ ಅರಸೀಕೆರೆಯಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಅರ್ಜಿ ತುಂಬಿಕೊಡುತ್ತಾಳೆ, ಜೆರಾಕ್ಸ್ ಮಾಡುತ್ತಾಳೆ, ಕೇಳಿದವರಿಗೆ ಪ್ರೋಗ್ರಾಂ ಮಾಡಿಕೊಡುತ್ತಾಳೆ. ನಾನು ಹತ್ತನೇ ತರಗತಿಗೆ ಶಾಲೆ ಬಿಟ್ಟವಳು. ಮೂರು ಜನರ ಮುಂದೆ ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಂಪ್ಯೂಟರ್ ಆದರೂ ಕಲಿಯಲಿ ಎಂದು ಅಮ್ಮ ನನ್ನನ್ನು ಅಲ್ಲಿಗೆ ಸೇರಿಸಿದಳು. ಅಪ್ಪನಿಗೆ ಅದು ಇಷ್ಟವಿರಲಿಲ್ಲ. ಆ ಕೇರಿಯವಳ ಕೈಕೆಳಗೆ ನಮ್ಮ ಹುಡುಗಿಯೇ ಎಂದು ತಿಂಗಳುಗಟ್ಟಲೆ ಗೊಣಗಿದ.

ಅಕ್ಕನ ತಂದೆ ಜವರಪ್ಪನವರು ಮೊದಲು ನೀರುಗಂಟಿಯಾಗಿದ್ದರು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿ ಬಿಡುವುದು ಅವರ ಕೆಲಸ. ಕೆರೆಯಲ್ಲಿ ನೀರು ಕಡಿಮೆಯಾದ ಒಂದು ವರ್ಷ, ನಮ್ಮ ಪಾಲು ಕದ್ದೆ ಎಂದು ಕೆಲವರು ಅವರನ್ನು ತೂಬಿನ ಕಲ್ಲಿಗೆ ಕಟ್ಟಿ ಗುದ್ದಲಿಯ ಕಾವಿನಿಂದ ಹೊಡೆದರು. ಎಡಗಣ್ಣು ಅಲ್ಲೇ ಹೋಯಿತು. ಅಕ್ಕ ಆಗ ಚಿಕ್ಕವಳು. ಅಪ್ಪನಿಗೆ ಮುದ್ದೆ ತಂದಿದ್ದಳಂತೆ. ಹೊಡೆದು ಮುಗಿಯುವ ತನಕ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ಏರಿಯ ಮೇಲೆ ನಿಂತಿದ್ದಳಂತೆ. ಇದನ್ನು ಹೇಳುವಾಗ ಅವಳು ಅಳುವುದಿಲ್ಲ. ಬಿಸಿ ಮುದ್ದೆ, ಎದೆ ಸುಟ್ಟಿತ್ತು ಎಂದಷ್ಟೇ ಹೇಳುತ್ತಾಳೆ.

ಅವಳ ಅಣ್ಣ ಸಿದ್ಧಾರ್ಥ ಓದಿ ಹಳೇಬೀಡಿನಲ್ಲಿ ಮೇಷ್ಟ್ರಾದ. ಆ ಊರು ಬಿಟ್ಟು ಬನ್ನಿ ಎಂದು ಇಬ್ಬರನ್ನೂ ಕರೆಯುತ್ತಲೇ ಇರುತ್ತಾನೆ. ಜವರಪ್ಪನವರು ಹೋಗಲಿಲ್ಲ. ಅಕ್ಕನೂ ಬೇಲೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದವಳು ಬಿಟ್ಟು ವಾಪಸು ಬಂದಳು.

ನಮ್ಮೂರಿನ ಮೇಲಣ ಬಯಲಿನಲ್ಲಿ ನಮ್ಮದೂ ಸೇರಿ ಆರು ತೆಂಗಿನ ತೋಟಗಳಿಗೆ ಒಂದು ಬೋರ್‌ವೆಲ್ ಇದೆ. ಅದರ ಸರದಿಯನ್ನು ಪುಟ್ಟಸ್ವಾಮಿ ತಾತ ನೋಡಿಕೊಳ್ಳುತ್ತಿದ್ದ. ಬೇಸಿಗೆ ಬಂತೆಂದರೆ ಜಗಳ. ಹೋದ ಬೇಸಿಗೆಯಲ್ಲಿ ಯಾರೋ ಎಸೆದ ಕಲ್ಲು ತಾತನ ದವಡೆಗೆ ಬಿದ್ದು ಮೂಳೆ ಮುರಿಯಿತು. ಅವನು ಅನ್ನ ಅಗಿಯಲಾರದೆ ಗಂಜಿ ಕುಡಿದುಕೊಂಡು ಮಲಗಿದ. ಇನ್ನು ಸರದಿ ನೋಡಲು ಯಾರೂ ಒಪ್ಪಲಿಲ್ಲ. ಆಗ ಅಕ್ಕ ತಾನೇ ಮುಂದೆ ಬಂದು, ಮೋಟಾರನ್ನೂ ವಾಲ್ವುಗಳನ್ನೂ ಫೋನಿನಿಂದ ನಡೆಸುವ ಪ್ರೋಗ್ರಾಂ ಮಾಡುತ್ತೇನೆ ಎಂದಳು. ನನಗೆ ಆಶ್ಚರ್ಯವಾಯಿತು. ನಿಮ್ಮಪ್ಪನಿಗೆ ಹಾಗೆ ಮಾಡಿದ ಊರಿಗೆ ನೀನು ಯಾಕೆ ಮಾಡಬೇಕು ಎಂದು ಕೇಳಿದೆ.

"ನೀರು ಬಿಡೋ ಕೈ ಕಣ್ಣಿಗೆ ಕಂಡ್ರೆ ತಾನೇ ಹೊಡೆಯೋದು? ಕೈಯೇ ಇಲ್ಲದಂಗೆ ಮಾಡ್ತೀನಿ ಕಣೇ," ಎಂದಳು.

ಅಕ್ಕ ಕೋಡನ್ನು ಒಂದೊಂದು ಸಾಲಾಗಿ ತಾನೇ ಬರೆಯುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಎಐ ಸಹಾಯಕ ಇದೆ. ಏನು ಬೇಕೆಂದು ಕನ್ನಡದಲ್ಲಿ ಹೇಳಿದರೆ ಅದು ಬರೆಯುತ್ತದೆ. ಮೊದಲ ಸಲ ಅಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆರು ತೋಟ, ಒಂದು ಬೋರು, ಸರದಿಯ ಮೇಲೆ ನೀರು. ಟೀ ಆರುವುದರೊಳಗೆ ಪ್ರೋಗ್ರಾಂ ಬಂತು. ನೋಡಲು ಚೆನ್ನಾಗಿತ್ತು, ತೆಂಗಿನ ಮರದ ಚಿತ್ರ ಕೂಡ ಹಾಕಿತ್ತು. ಆದರೆ ಒಳಗೆ ಏನಿದೆಯೆಂದು ಅಕ್ಕನಿಗೇ ತಿಳಿಯಲಿಲ್ಲ. ಒಂದು ಕಡೆ ಸರಿಮಾಡು ಎಂದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅವಳು ಪೂರ್ತಿ ಅಳಿಸಿ ಮತ್ತೆ ಶುರುಮಾಡಿದಳು. ಈ ಸಲ ಒಂದೊಂದೇ ಕೆಲಸ. ಮೊದಲು ಮೋಟಾರು ಹಾಕುವುದು, ಆರಿಸುವುದು. ಅದು ಸರಿಹೋದ ಮೇಲೆ ಒಂದು ವಾಲ್ವು. ಆಮೇಲೆ ಇನ್ನೊಂದು. ಪ್ರತಿ ಸಲವೂ ಅದು ಬರೆದದ್ದನ್ನು ಅಕ್ಕ ಓದುತ್ತಿದ್ದಳು, ಅರ್ಥವಾಗದ ಸಾಲನ್ನು ಇದೇನು ಎಂದು ಅದನ್ನೇ ಕೇಳುತ್ತಿದ್ದಳು. ನಾನು ಹಳೆಯ ಫೋನುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು ಆರು ಮನೆಯವರ ಹಾಗೆ ಒತ್ತಿ ನೋಡುತ್ತಿದ್ದೆ.

ತಪ್ಪಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಗಳನ್ನೂ ಎಐ ತಾನೇ ಬರೆಯುತ್ತಿತ್ತು. ಎಲ್ಲದರಲ್ಲೂ ಪಾಸು ಎಂದು ತೋರಿಸುತ್ತಿತ್ತು. ತಾನೇ ಪ್ರಶ್ನೆಪತ್ರಿಕೆ ಮಾಡಿ, ತಾನೇ ಉತ್ತರ ಬರೆದು, ತಾನೇ ಅಂಕ ಹಾಕಿಕೊಂಡ ಹಾಗೆ ಎಂದು ಆಮೇಲೆ ಅಕ್ಕ ಹೇಳಿದಳು. ಆವತ್ತು ಹಾಗೆ ತೋರಲಿಲ್ಲ.

ಕೆಲಸ ಮಾಡುವ ರೀತಿ ಹೀಗಿತ್ತು. ಸರದಿ ಬಂದಾಗ ಆ ಮನೆಯ ಫೋನು ಬಡಿದುಕೊಳ್ಳುತ್ತದೆ. 'ತೋಟಕ್ಕೆ ಬಂದಿದ್ದೇನೆ' ಎಂದು ಒತ್ತಿದರೆ ಮೋಟಾರು ಓಡಿ ಅವರ ವಾಲ್ವು ತೆರೆಯುತ್ತದೆ. ಯಾರೂ ಒತ್ತದಿದ್ದರೆ ಸ್ವಲ್ಪ ಹೊತ್ತು ಕಾದು ಮುಂದಿನ ಮನೆಗೆ ಕೊಡಲೇ ಎಂದು ಎಐ ಕೇಳಿತು. ಕರೆಂಟು ಇರುವುದೇ ಸ್ವಲ್ಪ ಹೊತ್ತು, ನೀರು ದಂಡವಾಗಬಾರದು ಎಂದುಕೊಂಡು ಅಕ್ಕ ಹೂಂ ಎಂದಳು. ಅದು ಬರೆಯಿತು. ಪರೀಕ್ಷೆ ಪಾಸಾಯಿತು.

ಬೇಸಿಗೆಯ ಮೊದಲ ಭಾಗ ಯಾರೂ ಯಾರಿಗೂ ಕಲ್ಲೆಸೆಯಲಿಲ್ಲ. ನಮ್ಮಪ್ಪ ಏಕಾಂತಯ್ಯ ಕೂಡ ಅಕ್ಕನ ಹೆಸರೆತ್ತಿ ಬಯ್ಯುವುದನ್ನು ನಿಲ್ಲಿಸಿದ.

ಆಮೇಲೆ ಆ ಆರು ತೋಟದವರಲ್ಲಿ ಒಬ್ಬನಾದ ಕುಮಾರಣ್ಣನ ತಂದೆ ನಂಜುಂಡಯ್ಯನವರು ತೀರಿಕೊಂಡರು. ಅವರ ತೋಟ ನಮ್ಮ ಚಿಕ್ಕಪ್ಪ ಮಂಜುನಾಥನ ತೋಟಕ್ಕೆ ಅಂಟಿಕೊಂಡಿದೆ. ನಮ್ಮ ಬಯಲಿನಲ್ಲಿ ಒಂದು ನಡೆ ಇದೆ. ಸಾವಾದ ಮನೆಯವರು ತಿಥಿ ಮುಗಿಯುವ ತನಕ ತೋಟಕ್ಕೆ ಕಾಲಿಡುವುದಿಲ್ಲ. ಅವರ ಸರದಿಯನ್ನು ಯಾರೂ ಮುಟ್ಟುವುದಿಲ್ಲ. ಪಕ್ಕದ ತೋಟದವರು ಹೋಗಿ, ಸಾವಿನ ಮನೆಯವರ ಪಾತಿಗಳಿಗೆ ನೀರು ಕಟ್ಟಿ ಬರುತ್ತಾರೆ. ಯಾರೂ ಅದನ್ನು ಉಪಕಾರ ಎಂದು ಹೇಳುವುದಿಲ್ಲ. ಅಕ್ಕನಿಗೆ ಇದು ಗೊತ್ತಿತ್ತು, ನನಗೂ ಗೊತ್ತಿತ್ತು. ಉಸಿರಾಡುತ್ತೇವೆ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ ಅದನ್ನು ಎಐಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸರದಿಯ ಫೋನು ಸತ್ತವರ ಹೆಸರಿನಲ್ಲೇ ಇತ್ತು. ಅದು ಪೆಟ್ಟಿಗೆಯ ಮೇಲೆ ಬಡಿದುಕೊಂಡು ಸುಮ್ಮನಾಯಿತಂತೆ. ಸತ್ತವರ ಫೋನನ್ನು ಯಾರೂ ಎತ್ತಲಿಲ್ಲ. ಪ್ರೋಗ್ರಾಂ ಕಾಯುವಷ್ಟು ಕಾದು ಮುಂದಿನ ಮನೆಗೆ, ಅಂದರೆ ಚಿಕ್ಕಪ್ಪನಿಗೆ, ನೀರು ಕೊಟ್ಟಿತು. ತಿಥಿ ಮುಗಿಯುವ ತನಕ ಸರದಿ ಬಂದಾಗಲೆಲ್ಲ ಹೀಗೇ ಆಯಿತು.

ತಿಥಿಯ ಮರುದಿನ ಕುಮಾರಣ್ಣ ಬೋಳಿಸಿದ ತಲೆಯಲ್ಲಿ ತೋಟಕ್ಕೆ ಹೋದ. ಅವನ ತಂದೆ ತಮ್ಮ ಕೈಯಿಂದ ನೆಟ್ಟಿದ್ದ ತೆಂಗಿನ ಸಸಿಗಳ ಗರಿ ಸುಟ್ಟಂತಾಗಿತ್ತು. ನಡುವೆ ಹಾಕಿದ್ದ ಬೀನ್ಸ್ ಬಳ್ಳಿ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಬೇಲಿಯಾಚೆ ಚಿಕ್ಕಪ್ಪನ ತೋಟದಲ್ಲಿ ಕೆಸರು ಹೊಳೆಯುತ್ತಿತ್ತು. ಚಿಕ್ಕಪ್ಪ ಅಲ್ಲೇ ಬಗ್ಗಿ ಪಾತಿ ಸರಿಮಾಡುತ್ತಿದ್ದ.

"ನಮ್ಮಪ್ಪನ ಹೆಣ ಮನೇಲಿದ್ದಾಗ ಅವನ ನೀರು ಕುಡುದ್ಯೇನ್ಲಾ?" ಎಂದು ಕೇಳಿದನಂತೆ. ಚಿಕ್ಕಪ್ಪ ಫೋನು ತೆಗೆದು ತೋರಿಸಿದ. ಫೋನು ಹಿಡಿದ ಕೈಯ ಮೇಲೇ ಮಚ್ಚು ಬಿತ್ತು. ಮೊಣಕೈಯಿಂದ ಕೆಳಗೆ ಮಾಂಸ ಬಿರಿದು ಮೂಳೆ ಕಾಣಿಸಿತು. ಎರಡನೇ ಏಟು ಭುಜಕ್ಕೆ. ಚಿಕ್ಕಪ್ಪನ ಜೊತೆಯಿದ್ದ ಆಳುಗಳು ಕಲ್ಲು ತೂರಿ ಕುಮಾರಣ್ಣನನ್ನು ಓಡಿಸಿದರು. ಆ ಕೆಸರಿನಲ್ಲಿ ಎಷ್ಟು ರಕ್ತ ಹೋಯಿತೆಂದರೆ, ನಾಯಿಗಳು ಬಂದು ಮೂಸಿ ನೋಡಿದವೆಂದು ಅಮ್ಮ ಹೇಳಿದಳು.

ಚಿಕ್ಕಪ್ಪನನ್ನು ಅರಸೀಕೆರೆಯ ಆಸ್ಪತ್ರೆಗೆ ತಂದ ಅಪ್ಪ, ಅಂಗಿಯ ಮೇಲೆ ಆ ರಕ್ತವಿದ್ದ ಹಾಗೆಯೇ ನಮ್ಮ ಅಂಗಡಿಗೆ ಬಂದ. ಜೆರಾಕ್ಸ್ ಯಂತ್ರದ ಗಾಜಿಗೆ ಕುರ್ಚಿ ಎತ್ತಿ ಹೊಡೆದ. ನಿನ್ನ ಪ್ರೋಗ್ರಾಂ ನನ್ನ ತಮ್ಮನನ್ನು ಕಡಿಸಿತು ಎಂದ. ಎಲ್ಲಿ ತಪ್ಪಿತೆಂದು ಅಕ್ಕನಿಗೆ ಆಗಲೇ ಅರ್ಥವಾದದ್ದು ಅವಳ ಮುಖದಲ್ಲಿ ಕಾಣುತ್ತಿತ್ತು. ಬಾಗಿಲು ಹಾಕಿ, ಅಲ್ಲಿ ಏನಾಗಿದೆ ನೋಡಬೇಕೆಂದು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಮೋಟಾರು ಮನೆಯ ಹತ್ತಿರ ಜವರಪ್ಪನವರು ನಮಗಾಗಿ ಕಾಯುತ್ತಿದ್ದರು. ಅಕ್ಕ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದಾಗ ಕುಮಾರಣ್ಣ ತೋಟದೊಳಗಿಂದ ಕಬ್ಬಿಣದ ಪೈಪು ಹಿಡಿದು ಬಂದ. ಕಲ್ಲೇಟಿನಿಂದ ಬೋಳುತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಬರೆದ ಕೈ ಯಾವುದು?" ಎಂದ.

ಎಐ ಬರೆದದ್ದು ಎಂದು ಅಕ್ಕ ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಹೂಂ ಅಂದವಳು ನಾನು, ಕುಮಾರಣ್ಣ. ನಂದೇ ಕೈ," ಎಂದಳು.

ಪೈಪು ಬಲಗೈಗೆ ಬಿತ್ತು. ಒಣಗಿದ ಗರಿ ಮುರಿದ ಸದ್ದು ಬಂತು. ಇನ್ನೊಂದು ಏಟು ಅದೇ ಕೈಗೆ, ಪೆಟ್ಟಿಗೆಯ ಅಂಚಿನ ಮೇಲಿಟ್ಟು ಹೊಡೆದ ಹಾಗೆ. ಜವರಪ್ಪನವರು ಮಗಳ ಮೇಲೆ ಅಡ್ಡ ಬಿದ್ದರು. ಕುಮಾರಣ್ಣ ಅವರ ಪಕ್ಕೆಗೆ ಒದ್ದ, ಒದ್ದು ಇನ್ನೊಮ್ಮೆ ಒದ್ದ. ನಾನು ಕಿರುಚಬೇಕೆಂದು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ದಾರಿಯಲ್ಲಿ ಹೋಗುತ್ತಿದ್ದವರು ಓಡಿಬಂದಾಗ ಅವನು ತೆಂಗಿನ ಸಾಲುಗಳೊಳಗೆ ಹೋಗಿಬಿಟ್ಟ.

ಆಸ್ಪತ್ರೆಯಲ್ಲಿ ಅಕ್ಕನ ಕೈಗೆ ಪಟ್ಟಿ ಹಾಕಿದರು. ಎರಡು ಬೆರಳು ಮತ್ತೆ ಮಡಚುವುದು ಅನುಮಾನ ಎಂದರು. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ಅಕ್ಕ ಯಾವುದನ್ನೂ ಮುಚ್ಚಿಡಲಿಲ್ಲ. ಸಿದ್ಧಾರ್ಥಣ್ಣ ಹಳೇಬೀಡಿನಿಂದ ಬಂದು, ಆ ಪ್ರೋಗ್ರಾಂ ಆರಿಸಿಬಿಡು, ನಮ್ಮ ಮನೆಗೆ ಬಾ ಎಂದು ಕೈಮುಗಿದ. ಆದರೆ ಆರಿಸಿದರೆ ಆರು ಮನೆಯವರೂ ಸ್ಟಾರ್ಟರಿಗೆ ಕೈ ಹಾಕುತ್ತಾರೆ, ಆಗ ಯಾರನ್ನು ಯಾರು ಕಡಿಯುತ್ತಾರೆಂದು ಹೇಳಲಾಗುವುದಿಲ್ಲ ಎಂದು ಅಕ್ಕ ಹೇಳಿದಳು.

ಸೋಮವಾರ ಮತ್ತೆ ಚಿಕ್ಕಪ್ಪನ ಸರದಿ ಇತ್ತು. ತಮ್ಮನ ಬದಲು ನಾನೇ ನಿಂತು ನೀರು ಕಟ್ಟುತ್ತೇನೆ, ಬರಲಿ ಅವನು ಎಂದು ಅಪ್ಪ ಮಚ್ಚು ಮಸೆದಿಟ್ಟಿದ್ದ. ಆ ತೋಟಕ್ಕೆ ಇನ್ನೊಂದು ಹನಿ ಹೋದರೆ ಹೆಣ ಬೀಳುತ್ತದೆ ಎಂದು ಕುಮಾರಣ್ಣ ತಾನು ಬಚ್ಚಿಟ್ಟುಕೊಂಡಿದ್ದ ಕಡೆಯಿಂದ ಹೇಳಿ ಕಳುಹಿಸಿದ್ದ. ಇಬ್ಬರೂ ಮಾತಿಗೆ ತಪ್ಪುವವರಲ್ಲ. ಸೋಮವಾರದೊಳಗೆ ಪ್ರೋಗ್ರಾಂ ಸರಿಹೋಗದಿದ್ದರೆ ನನ್ನ ಅಪ್ಪ ಕೊಲ್ಲುತ್ತಾನೆ ಇಲ್ಲವೇ ಸಾಯುತ್ತಾನೆ.

ಅಕ್ಕನ ಕೈ ಆಡುತ್ತಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಹೇಳಿದಳು, ನಾನು ಒತ್ತಿದೆ. ನಡೆದದ್ದನ್ನೆಲ್ಲ ಎಐಗೆ ತಿಳಿಸಿದೆವು. ಅದು ತುಂಬಾ ವಿಷಾದ ಎಂದು ಬರೆದು, ಮರುಕ್ಷಣವೇ ಕೋಡ್ ಸುರಿಯತೊಡಗಿತು. 'ಸಾವು' ಎಂದು ಹೊಸ ಗುಂಡಿ. ಒತ್ತಿದರೆ ಹನ್ನೊಂದು ದಿನ ಆ ಮನೆಯ ಸರದಿಗೆ ಬೀಗ. ಪರೀಕ್ಷೆಗಳೆಲ್ಲ ಪಾಸು.

"ನೋಡು, ಮತ್ತೆ ಓಡ್ತಾ ಐತೆ," ಎಂದಳು ಅಕ್ಕ. "ಸಾವಿನ ಮನೇಲಿ ಕೂತು ಗುಂಡಿ ಯಾರೇ ಒತ್ತುತಾರೆ? ನಿಲ್ಲಿಸು. ಒಂದು ಸಾಲೂ ಬರೀಬೇಡ, ನಿಂಗೆ ಏನು ಗೊತ್ತಿಲ್ವೋ ಅದನ್ನ ಮೊದಲು ಕೇಳು ಅಂತ ಹೇಳು."

ನಾನು ಹಾಗೆಯೇ ಬರೆದೆ. ಅದು ನಿಂತಿತು. ಆಮೇಲೆ ಕೇಳತೊಡಗಿತು. ಸಾವಾದದ್ದನ್ನು ಯಾರು ತಿಳಿಸಬೇಕು? ಎಲ್ಲ ಮನೆಗೂ ಅಷ್ಟೇ ದಿನಗಳೇ? ಪಕ್ಕದವರಿಗೂ ಆ ಮನೆಗೂ ಮಾತಿಲ್ಲದಿದ್ದರೆ ನೀರು ಕಟ್ಟುವವರು ಯಾರು? ತಪ್ಪಿಹೋದ ನೀರನ್ನು ಯಾರು, ಯಾವ ಸರದಿಯಿಂದ ಹಿಂತಿರುಗಿಸಬೇಕು? ಮೊದಲ ತಿಂಗಳಲ್ಲೇ ಇದು ಹೀಗೆ ಕೇಳಿದ್ದರೆ ಎಂದು ನನಗನ್ನಿಸಿತು. ಆದರೆ ಕೇಳು ಎಂದು ನಾವು ಹೇಳಿರಲಿಲ್ಲ.

ಎಲ್ಲದಕ್ಕೂ ನನಗೆ ಉತ್ತರ ಗೊತ್ತಿಲ್ಲ, ನಾನೇ ಊಹಿಸಿ ಹೇಳಿದರೆ ಮತ್ತೆ ಅದೇ ತಪ್ಪಾಗುತ್ತದೆ, ಹೋಗಿ ಕೇಳಿಕೊಂಡು ಬಾ ಎಂದು ಅಕ್ಕ ನನ್ನನ್ನು ಕಳುಹಿಸಿದಳು. ನನ್ನಿಂದಾಗುವುದಿಲ್ಲ ಎಂದೆ. ಡಾಕ್ಟರು ನನ್ನನ್ನು ಇನ್ನೂ ಹೊರಗೆ ಬಿಡುವುದಿಲ್ಲವಲ್ಲ ಎಂದಳು.

ಮೊದಲು ಪುಟ್ಟಸ್ವಾಮಿ ತಾತನ ಹತ್ತಿರ ಹೋದೆ. ಮುರಿದ ದವಡೆಯಿಂದ ಅವನ ಮಾತು ತೊದಲುತ್ತಿತ್ತು. ಯಾರೂ ತಿಳಿಸುತ್ತಿರಲಿಲ್ಲ, ತಮಟೆ ಕೇಳಿದ ಕೂಡಲೇ ನಾನೇ ಪಕ್ಕದ ತೋಟದವನ ಮನೆಗೆ ಹೋಗಿ ಜಗುಲಿಯ ಮೇಲೆ ಕೂರುತ್ತಿದ್ದೆ, ಅವನು ಗುದ್ದಲಿ ತೆಗೆದುಕೊಳ್ಳುವ ತನಕ ಏಳುತ್ತಿರಲಿಲ್ಲ ಎಂದ. ದಿನಗಳ ಲೆಕ್ಕ ಮನೆಮನೆಗೂ ಬೇರೆ ಎಂದೂ ಹೇಳಿದ. ಕೆಲವರಿಗೆ ಮೂರೇ ದಿನ. ನಮ್ಮ ಮನೆಯವರಿಗೆ ಸೂತಕವೇ ಇಲ್ಲ.

ಆಮೇಲೆ ನಮ್ಮ ಮನೆಗೆ ಹೋದೆ. ಅಪ್ಪ ಹಜಾರದಲ್ಲಿದ್ದ. ಚಿಕ್ಕಪ್ಪ ಕೈಗೆ ಹೊಲಿಗೆ ಹಾಕಿಸಿಕೊಂಡು ಮಂಚದ ಮೇಲೆ ಮಲಗಿದ್ದ. ತಪ್ಪಿಹೋದ ನೀರನ್ನು ಯಾರು ಹಿಂತಿರುಗಿಸಬೇಕಪ್ಪ ಎಂದು ಕೇಳಿದೆ. ಅಪ್ಪ ಎದ್ದು ಬಂದು ಕೆನ್ನೆಗೆ ಹೊಡೆದ. ಬಾಗಿಲ ಕಂಬಕ್ಕೆ ತಲೆ ತಾಗಿತು, ತುಟಿ ಒಡೆಯಿತು. ಆ ಕೇರಿಯವರ ಮಾತು ಹೊತ್ತುಕೊಂಡು ನನ್ನ ಮನೆಗೇ ಬಂದೆಯಾ ಎಂದು ಮತ್ತೊಂದು ಹೊಡೆದ. ನನಗೆ ಬೇರೇನು ಮಾಡುವುದೆಂದು ತಿಳಿಯಲಿಲ್ಲ. ಬಾಯೊಳಗಿನ ರಕ್ತ ನುಂಗಿಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅಪ್ಪ ಮೂರನೇ ಸಲ ಕೈಯೆತ್ತಿದಾಗ ಚಿಕ್ಕಪ್ಪ ಬಿಡಣ್ಣ ಎಂದ.

"ನಂಗೆ ಗೊತ್ತಿತ್ತು ಕಣಮ್ಮ," ಎಂದ ಚಿಕ್ಕಪ್ಪ. "ಸಾವಿನ ಮನೆ ನೀರು ಅಂತ ಗೊತ್ತಿತ್ತು. ಫೋನು ಕೊಡ್ತು, ನಾನಾಗಿ ತಗೊಳ್ಳಲಿಲ್ಲವಲ್ಲ ಅಂದ್ಕೊಂಡೆ. ಪುಟ್ಟಸ್ವಾಮಿ ಬಂದು ಜಗುಲಿ ಮೇಲೆ ಕೂತಿದ್ರೆ ಅವನ ಮುಖ ನೋಡಬೇಕಾಯ್ತಿತ್ತು. ಫೋನಿಗೆ ಮುಖ ಇಲ್ಲ."

ಅಪ್ಪ ಅವನ ಕಡೆ ತಿರುಗಿ ನೋಡಿದ. ಹೋಗಿ ಮತ್ತೆ ಮಚ್ಚು ಮಸೆಯಲು ಕೂತ.

ನಾನು ಅಕ್ಕನ ಹತ್ತಿರ ಓಡಿದೆ. ಆ ದಿನ ನಾವು ಬರೆಸಿದ್ದು ಚಿಕ್ಕದು. ಯಾರೂ ಒತ್ತದಿದ್ದರೆ ಪ್ರೋಗ್ರಾಂ ಇನ್ನು ತಾನಾಗಿ ನೀರನ್ನು ಮುಂದಕ್ಕೆ ಕೊಡುವುದಿಲ್ಲ, ನಿಂತು ಕಾಯುತ್ತದೆ. ತನ್ನ ಸರದಿಯ ನೀರನ್ನು ಇನ್ನೊಂದು ತೋಟಕ್ಕೆ ಬಿಡುವುದಾದರೆ ಆ ಸರದಿಯವನೇ ತನ್ನ ಫೋನಿನಲ್ಲಿ ಒತ್ತಬೇಕು. ಆಗ ಅವನ ಹೆಸರು ಆರು ಮನೆಗೂ ಹೋಗುತ್ತದೆ. ಈ ಸಲ ಪರೀಕ್ಷೆಗಳನ್ನು ಎಐ ಬರೆಯಲಿಲ್ಲ, ಏನೇನು ನೋಡಬೇಕೆಂದು ಅಕ್ಕನೇ ಹೇಳಿದಳು. ನಂಜುಂಡಯ್ಯನವರು ಸತ್ತ ದಿನದಿಂದ ನಡೆದದ್ದೆಲ್ಲವನ್ನೂ ಒಂದೊಂದಾಗಿ ಕೊಟ್ಟು ನೋಡಿದೆವು. ಎರಡು ಕಡೆ ಫೇಲಾಯಿತು. ಸರಿಮಾಡಿಸಿ, ಹೊಸ ನಿಯಮವನ್ನು ಆರು ಮನೆಯ ಫೋನಿಗೂ ಕಳುಹಿಸಿದೆವು.

ಸೋಮವಾರ ಬೆಳಿಗ್ಗೆ ನಾನು ಮೋಟಾರು ಮನೆಯ ಹತ್ತಿರ ಇದ್ದೆ. ಪೊಲೀಸರಿಗೆ ಅಕ್ಕ ತಿಳಿಸಿದ್ದಳು, ಜೀಪು ಇನ್ನೂ ದಾರಿಯಲ್ಲಿತ್ತು. ಅಪ್ಪ ಮಚ್ಚು ಹಿಡಿದು ಪೈಪಿನ ಮೇಲೆ ನಿಂತಿದ್ದ. ಕುಮಾರಣ್ಣ ತೆಂಗಿನ ಸಾಲಿನಿಂದ ಹೊರಗೆ ಬಂದವನೇ ಪೈಪು ಬೀಸಿದ. ಕಬ್ಬಿಣ ಅಪ್ಪನ ಪಕ್ಕೆಗೆ ಬಿತ್ತು. ಅಪ್ಪನ ಮಚ್ಚು ಅವನ ತಲೆಯ ಮೇಲೆ ಜಾರಿ, ಕಿವಿಯ ತುದಿಯನ್ನು ತೆಗೆದುಕೊಂಡು ಹೋಯಿತು. ಇಬ್ಬರೂ ನೆಲಕ್ಕೆ ಬಿದ್ದು, ಕೈಯಲ್ಲಿದ್ದದ್ದು ಕಳಚಿ, ಒಬ್ಬರ ಕುತ್ತಿಗೆಯನ್ನು ಒಬ್ಬರು ಹಿಡಿದರು. ಅಪ್ಪನ ಮುಖ ನೀಲಿಯಾಗುತ್ತಿತ್ತು.

ಆಗ ಮೋಟಾರು ಓಡಿತು. ಅಲ್ಲಿದ್ದ ಯಾರೂ ಅದನ್ನು ಮುಟ್ಟಿರಲಿಲ್ಲ. ಇಬ್ಬರೂ ಹಿಡಿತ ಬಿಡದೆಯೇ ಯಾವ ಪೈಪು ತುಂಬುತ್ತದೆಂದು ತಿರುಗಿ ನೋಡಿದರು. ಕುಮಾರಣ್ಣನ ತೋಟದ ಪೈಪು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಹರಿಯಿತು. ಅಪ್ಪನ ಜೇಬಿನಲ್ಲಿ ಫೋನು ಸದ್ದು ಮಾಡಿತು. ನನ್ನದೂ ಮಾಡಿತು. ಮಂಜುನಾಥ ತನ್ನ ಸರದಿಯನ್ನು ಕುಮಾರನ ತೋಟಕ್ಕೆ ಬಿಟ್ಟಿದ್ದಾನೆ ಎಂದು ಬಂದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ನನ್ನ ದನಿ ನನಗೇ ಬೇರೆಯವರದ್ದು ಎನ್ನಿಸಿತು. ಇಬ್ಬರಿಗೂ ಕೇಳಿಸಲಿಲ್ಲವೇನೋ ಎಂದು ಮತ್ತೆ ಓದಿದೆ.

ಕುಮಾರಣ್ಣನ ಕೈ ಮೊದಲು ಸಡಿಲವಾಯಿತು. ಅವನು ತೆವಳಿಕೊಂಡು ಹೋಗಿ ಸಸಿಯ ಪಾತಿಗೆ ಕೈಯಿಂದಲೇ ಮಣ್ಣು ಎಳೆದು ನೀರು ತಿರುಗಿಸಿದ. ಕಿವಿಯಿಂದ ರಕ್ತ ನೀರಿಗೆ ತೊಟ್ಟಿಕ್ಕುತ್ತಿತ್ತು. ಅಪ್ಪ ಕೂತಲ್ಲೇ ಕೆಮ್ಮುತ್ತಿದ್ದ. ಮಚ್ಚು ಅವನ ಕೈಗೆ ಎಟುಕುವಷ್ಟು ಹತ್ತಿರ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಜೀಪು ಬಂದಾಗ ಕುಮಾರಣ್ಣ ಕೊನೆಯ ಸಸಿಗೆ ನೀರು ಕಟ್ಟಿ ಮುಗಿಸುತ್ತೇನೆ ಎಂದು ಕೇಳಿಕೊಂಡ. ಮುಗಿಸಿ ಕೈಕಾಲು ತೊಳೆದು ಹತ್ತಿದ.

ಅಪ್ಪನ ಮೇಲೂ ಕೇಸಾಗಿದೆ. ಅಕ್ಕ ತನ್ನ ದೂರನ್ನು ವಾಪಸು ತೆಗೆದುಕೊಂಡಿಲ್ಲ. ಊರಿನವರು ಬಂದು ರಾಜಿ ಮಾಡಿಕೊಳ್ಳೋಣ ಎಂದರು. ತೂಬಿನ ಹತ್ತಿರ ಹೋದ ನನ್ನ ಅಪ್ಪನ ಕಣ್ಣಿಗೆ ಸಾಕ್ಷಿ ಸಿಗಲಿಲ್ಲ, ನನ್ನ ಕೈಗೆ ಸಾಕ್ಷಿ ಇದೆ, ಬಿಡುವುದಿಲ್ಲ ಎಂದು ಅಕ್ಕ ಹೇಳಿದಳು. ಸಾಕ್ಷಿ ನಾನು. ಆದರೂ ಅವಳು ಹಳೇಬೀಡಿಗೆ ಹೋಗಲಿಲ್ಲ. ಮಡಚದ ಎರಡು ಬೆರಳನ್ನು ಎತ್ತಿ ಹಿಡಿದು, ಉಳಿದ ಬೆರಳಿನಲ್ಲಿ ಒತ್ತುತ್ತಾಳೆ. ಕೈ ಇಲ್ಲದ ಹಾಗೆ ಮಾಡುತ್ತೇನೆ ಎಂಬ ಮಾತನ್ನು ಈಗ ಹೇಳುವುದಿಲ್ಲ. ಯಾವ ಪ್ರೋಗ್ರಾಂ ಮಾಡಿಸಲು ಯಾರು ಬಂದರೂ ಮೊದಲು ಎಐಯಿಂದ ಪ್ರಶ್ನೆಗಳನ್ನು ಬರೆಸುತ್ತಾಳೆ, ಕೋಡ್ ಆಮೇಲೆ. ಅದನ್ನು ಬಳಸುವ ಪ್ರತಿ ಮನೆಯಿಂದಲೂ ಒಂದು ಪರೀಕ್ಷೆ ತರಬೇಕು. ನಿಮ್ಮ ಮನೆಯ ಅತಿ ಕೆಟ್ಟ ದಿನ ಯಾವುದು ಎಂದು ಕೇಳಬೇಕು. ಆ ದಿನ ಪ್ರೋಗ್ರಾಂ ಸರಿಯಾಗಿ ನಡೆದುಕೊಂಡರೆ ಮಾತ್ರ ಪಾಸು.

ಆ ಪ್ರಶ್ನೆ ಕೇಳುವ ಕೆಲಸ ನನ್ನದು. ಐದು ತೋಟದವರನ್ನು ಕೇಳಿ ಆಗಿದೆ. ಉಳಿದಿರುವುದು ಕುಮಾರಣ್ಣನ ತಾಯಿ ಲಲಿತಮ್ಮ. ಗಂಡ ಸತ್ತ, ಮಗ ಜೈಲಿನಲ್ಲಿರುವ ಆ ಮನೆಗೆ ನಮ್ಮ ಮನೆಯವರು ಯಾರೂ ಹೋಗುತ್ತಿಲ್ಲ. ನಾಳೆ ಬೆಳಿಗ್ಗೆ ನಾನು ಹೋಗಿ ಅವರ ಜಗುಲಿಯ ಮೇಲೆ ಕೂತು ಕೇಳುತ್ತೇನೆ.